ಹಲ್ಲಿದ್ದವರಿಗೂ ಹಲ್ಲಿಲ್ಲದವರಿಗೂ ಒಂದ ಪಲ್ಯ

ಹೋದ ದೀಪಾವಳಿ ಆದ ಮ್ಯಾಲೆ ನಮ್ಮತ್ತಿಯವರ ಉಳಿದ ಹಲ್ಲೆಲ್ಲಾ ತೆಗಿಸಿದ್ವಿ. ಒಸಡು ಪೂರಾ ಮಾಯಲಿ, ಮೂರು ತಿಂಗಳಾದ್ರೂ ತಡೀರಿ, ಆಮ್ಯಾಲೆ ಸೆಟ್ ಕೂಡಿಸೋಣು ಅಂತ ಡಾಕ್ಟರ್ ಹೇಳಿದ್ರು. ಮೂರು ತಿಂಗಳಂದ್ರ ಏನ ಮಹಾ, ಹಿಂಗ ಹೋಗ್ತಾವು ಅಂದ್ಕೊಂಡಿದ್ದೆ.

ಬೆಟಗೇರಿಯೊಳಗಿನ ನಮ್ಮ ಮನ್ಯಾಗ ಎರಡೂ ಹೊತ್ತು ಜ್ವಾಳದ ರೊಟ್ಟಿ. ಎಲ್ಲಾರೂ ಕೂಡೇ ಉಣ್ಣಾಕ ಕೂಡ್ತೀವಿ. ಹಲ್ಲು ತೆಗಿಸಿದ ಮ್ಯಾಲೆ ಅತ್ತಿಯವರು, "ನೀವು ಉಣ್ರಿ, ನಂದು ಆಮ್ಯಾಲೆ" ಅನ್ನಾಕ ಶುರು ಮಾಡಿದ್ರು. ಎಲ್ಲಾರದೂ ಮುಗಿದ ಮ್ಯಾಲೆ ಅಡಗಿ ಮನ್ಯಾಗ ಒಬ್ಬರ ಕುಂತು ನುಚ್ಚು ಮಜ್ಜಿಗಿ ಇಲ್ಲಾ ಹಾಲಾಗ ನೆನಸಿದ ರೊಟ್ಟಿ ತಿಂತಿದ್ರು. ವಯಸ್ಸಾತು, ಹಸಿವು ಕಮ್ಮಿ ಆಗಿರಬೇಕು ಅಂತ ನಾನೂ ಸುಮ್ಮನಿದ್ದೆ. ಒಂದಿನ ನಮ್ಮ ಮಗಳು, "ಅವ್ವಾ, ಆಯಿ ಉಣ್ಣೋವಾಗ ನಾ ಒಳಗ ಹೋದ್ರ ಬಾಯಿಗೆ ಸೆರಗು ಅಡ್ಡ ಹಿಡೀತಾಳ" ಅಂದ್ಲು. ಆ ಮಾತು ಕೇಳಿ ಎದಿ ಧಸಕ್ ಅಂತು. ಅವರಿಗೆ ಹಸಿವು ಕಮ್ಮಿ ಆಗಿದ್ದಿಲ್ಲ, ನಾಚಿಕಿ ಆಗಿತ್ತು.

ಅತ್ತಿಯವರಿಗೆ ನುರಿಸಿದ ಆಲೂಗಡ್ಡಿ ಪಲ್ಯ ಅಂದ್ರ ಪಂಚಪ್ರಾಣ. ಆದ್ರ ಶುಗರ್ ಐತಲ್ಲ, ಆಲೂಗಡ್ಡಿ ಅನ್ನ ಎರಡೂ ಕಮ್ಮಿ ಮಾಡ್ರಿ ಅಂತ ಹೇಳ್ಯಾರ. ಶಿರಹಟ್ಟಿಯ ನಮ್ಮ ನಾದಿನಿ ಫೋನ್ ಮಾಡಿದಾಗ, "ವೈನಿ, ಗೋಬಿ ಹಂಗ ನುರಿಸಿ ಮಾಡಿ ನೋಡ್ರಲ್ಲ" ಅಂದ್ಲು. ಅತ್ತಿಯವರ ತವರು ಲಕ್ಷ್ಮೇಶ್ವರ. ಅವರು ಸಣ್ಣಾಕಿದ್ದಾಗ ಅಲ್ಲಿ ಸಂತ್ಯಾಗ ಈ ಹೂವಾ ಕಂಡೇ ಇಲ್ಲಂತ. ನಮ್ಮ ದೇಶಕ್ಕ ಇದು ಬಂದಿದ್ದು 1822ರಾಗ, ಉತ್ತರದ ಸಹಾರನಪುರದ ಕಂಪನಿ ತೋಟಕ್ಕ. ನಮ್ಮ ಎರಿ ಹೊಲದ ಊರಿಗೆ ಬರಾಕ ಭಾಳ ವರ್ಷ ಹಿಡಿದಿರಬೇಕು. ಗೋಬಿ ಅಂದ ಕೂಡಲೇ ಅತ್ತಿಯವರು, "ಆ ಕೆಂಪು ಬಣ್ಣದ ಮಂಚೂರಿ ಏನ? ನನಗ ಬ್ಯಾಡವಾ" ಅಂದ್ರು. 2024ರ ಮಾರ್ಚ್‌ನ್ಯಾಗ ಸರಕಾರದವರು ಗೋಬಿ ಮಂಚೂರಿಗೆ ಬಣ್ಣ ಹಾಕೋದು ಬಂದ್ ಮಾಡಿದ್ದು ಟೀವ್ಯಾಗ ನೋಡಿದ್ರಲ್ಲ, ಅದು ಅವರ ತಲ್ಯಾಗ ಕುಂತಿತ್ತು.

ಮೊದಲನೇ ಸಲ ನಾ ಮಾಡಿದ್ದು ಪೂರಾ ಕೆಡ್ತು. ಕುಕ್ಕರಿಗೆ ನೀರು ಹಾಕಿ ನಾಕು ಸೀಟಿ ಹೊಡಿಸಿದೆ. ಮನಿ ತುಂಬ ವಾಸನಿ. ನುರಿಸಿದ್ರ ಅಂಬ್ಲಿ ಆದಂಗಾತು. ಅತ್ತಿಯವರು ಎರಡು ತುತ್ತು ತಿಂದು, "ಛಲೋ ಐತಿ ಬಿಡವಾ" ಅಂದ್ರು. ಆ 'ಬಿಡವಾ' ಅಂದ್ರ ಏನಂತ ಸೊಸಿ ಆದಾಕಿಗೆ ಹೇಳಬೇಕಾಗಿಲ್ಲ. ಉಳಿದದ್ದು ಆಕಳ ಬಕೆಟ್ಟಿಗೆ ಹೋತು.

ತಪ್ಪು ಎಲ್ಲೈತಿ ಅಂದ್ರ ನೀರಿನ್ಯಾಗ. ನೂರು ಗ್ರಾಂ ಗೋಬ್ಯಾಗ 92 ಗ್ರಾಂ ನೀರ ಇರತೈತಿ. ಆಲೂಗಡ್ಡ್ಯಾಗ ಹಿಟ್ಟಿನಂಶ ಐತಿ, ಅದು ನೀರು ಹಿಡಕೊಂತೈತಿ. ಗೋಬ್ಯಾಗ ಅದಿಲ್ಲ, ಎಲ್ಲಾ ನೀರು ಬಿಟ್ಟಬಿಡತೈತಿ. ಅದರಾಗ ಗಂಧಕದ ಅಂಶ ಬ್ಯಾರೆ ಇರತೈತಿ, ಹೆಚ್ಚು ಹೊತ್ತು ಕುದಿಸಿದಷ್ಟೂ ವಾಸನಿ ಹೆಚ್ಚು. ಅಂದ್ರ ಕುದಿಸಬಾರದು, ಹಬ್ಯಾಗ ಬೇಯಿಸಬೇಕು, ಬೆಂದದ್ದರಿಂದ ನೀರು ತೆಗೀಬೇಕು.

ಈಗ ನಾ ಮಾಡೋದು ಹಿಂಗ. ಬೆಳ್ಳಗ, ಬಿಗಿ ಇರೋ ಒಂದು ಗೋಬಿ ತಗೊಳ್ರಿ. ಬ್ಯಾಸಗ್ಯಾಗ ಬರೋ ಹಳದಿ, ಬಿಚ್ಚಿದ ಹೂವಾ ಇದಕ್ಕ ಬ್ಯಾಡ. ಬಿಡಿಸಿ, ಉಪ್ಪು ಅರಿಷಿಣ ಹಾಕಿದ ಬೆಚ್ಚಗಿನ ನೀರಾಗ ಹತ್ತು ನಿಮಿಷ ಇಟ್ರ ಹುಳ ಇದ್ರ ಹೊರಗ ಬರ್ತಾವು. ಎಳೀ ದಂಟು ಒಗೀಬ್ಯಾಡ್ರಿ, ಸಿಪ್ಪಿ ತೆಗೆದು ತೆಳ್ಳಗ ಹೆಚ್ಚಿ ಹಾಕ್ರಿ. ಇಡ್ಲಿ ಪಾತ್ರ್ಯಾಗ 12ರಿಂದ 15 ನಿಮಿಷ ಹಬಿ ಕೊಡ್ರಿ, ಚಾಕು ಸುಳ್ಳನ ಇಳೀಬೇಕು. ಪರಾತದಾಗ ಹರವಿ ಐದು ನಿಮಿಷ ಬಿಡ್ರಿ. ಆಮ್ಯಾಲೆ ತೆಳ್ಳನ ಅರಿವ್ಯಾಗ ಕಟ್ಟಿ ಹಿಂಡ್ರಿ. ಎಷ್ಟು ನೀರು ಬರತೈತಿ ಅಂತ ನೀವ ನೋಡ್ರಿ. ಆ ನೀರು ಸಾರಿಗೆ ಹಾಕಬಹುದು.

ನುರಿಸಾಕ ನಾ ಅತ್ತಿಯವರ ಕಡಗೋಲ ತಗೋತೀನಿ. ಮಿಕ್ಸರ್‌ನ್ಯಾಗೂ ಆಗತೈತಿ. ಆಲೂಗಡ್ಡಿ ಮಿಕ್ಸರ್‌ಗೆ ಹಾಕಿದ್ರ ಅಂಟಂಟಾಗತೈತಿ, ಗೋಬಿ ಹಂಗಾಗೂದಿಲ್ಲ. ಬಾಂಡ್ಲ್ಯಾಗ ಒಂದು ಚಮಚ ಬೆಣ್ಣಿ, ಜೀರಗಿ, ಜಜ್ಜಿದ ನಾಕು ಎಸಳು ಬಳ್ಳೊಳ್ಳಿ. ಒಸಡು ಎಳೀ ಇದ್ದವರಿಗೆ ಹಸಿಮೆಣಸಿನಕಾಯಿ ಬ್ಯಾಡ, ಚಿಟಿಕಿ ಕರಿಮೆಣಸಿನ ಪುಡಿ ಸಾಕು. ನುರಿಸಿದ್ದು ಹಾಕಿ ಸಣ್ಣ ಉರಿಮ್ಯಾಲೆ ಐದಾರು ನಿಮಿಷ ತಿರುವ್ರಿ, ಬಾಂಡ್ಲಿ ಅಂಚು ಬಿಟ್ಟು ಬರಬೇಕು. ಹುರಿದ ಶೇಂಗಾ ಹಿಟ್ಟಿನಂಗ ನುಣ್ಣಗ ಪುಡಿ ಮಾಡಿ ಎರಡು ಚಮಚ ಕೂಡಿಸಿದ್ರ ಹೊಟ್ಟಿಗೂ ಆಧಾರ. ಒಲಿ ಆರಿಸಿದ ಮ್ಯಾಲೆ ಎರಡು ಚಮಚ ಗಟ್ಟಿ ಮೊಸರು, ಸಣ್ಣಗ ಹೆಚ್ಚಿದ ಕೊತಂಬ್ರಿ. ಉರಿಮ್ಯಾಲೆ ಮೊಸರು ಹಾಕಿದ್ರ ಒಡೀತೈತಿ. ಉಪ್ಪೂ ಕಡೀಕ, ಯಾಕಂದ್ರ ತಿರುವೋದ್ರಾಗ ಪಲ್ಯ ಇಳೀತೈತಿ, ಮೊದಲ ಹಾಕಿದ್ರ ಉಪ್ಪುಪ್ಪಾಗತೈತಿ.

ಶುಗರ್ ಇದ್ದವರಿಗೆ ಒಂದು ಮಾತು. ನೂರು ಗ್ರಾಂ ಆಲೂಗಡ್ಡ್ಯಾಗ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್, ಗೋಬ್ಯಾಗ ಐದ ಗ್ರಾಂ. ಛಲೋನ ಐತಿ. ಆದ್ರ ಗುಳಿಗಿ ತಗೊಳ್ಳೋರು ರೊಟ್ಟಿ ಅನ್ನ ಪೂರಾ ಬಿಟ್ಟು ಇದನ್ನಷ್ಟ ತಿನ್ನಬಾರದು, ಶುಗರ್ ಒಮ್ಮಿಗೇ ಇಳೀಬಹುದು. ಡಾಕ್ಟರಿಗೆ ಕೇಳಿ ಮಾಡ್ರಿ.

ಪಲ್ಯ ಕೂಡಿ ಬಂದ ದಿನ ಅತ್ತಿಯವರಿಗಂತ ಬ್ಯಾರೆ ಬಟ್ಟಲದಾಗ ಹಾಕಿ ಕೊಟ್ಟೆ. ಬಟ್ಟಲ ಹಿಡಕೊಂಡು ಮತ್ತ ಒಳಗ ಹೋದ್ರು. ಆವಾಗ ನನಗ ತಿಳೀತು, ಬ್ಯಾರೆ ಬಟ್ಟಲ ಅಂದ್ರ ಅದು ಪಥ್ಯದ ಊಟ. ಎಷ್ಟು ರುಚಿ ಮಾಡಿದ್ರೂ ಅಷ್ಟ.

ಮರುದಿನ ಎರಡು ಗೋಬಿ ತಂದೆ. ಬ್ಯಾರೆ ಯಾವ ಪಲ್ಯಾನೂ ಮಾಡಲಿಲ್ಲ. ಎಲ್ಲಾರ ಗಂಗಾಳಕ್ಕೂ ಅದನ್ನ, ಬಾಜೂಕ ಶೇಂಗಾ ಹಿಂಡಿ. ನಮ್ಮ ಮನಿಯವರು ಬಿಸಿ ರೊಟ್ಟಿ ಮುರಿದು ಹಚ್ಚಿಕೊಂಡು ತಿಂದು, "ಇನ್ನೊಂದೀಟ ಹಾಕ" ಅಂದ್ರು. ಮಗಳೂ ಹಾಕ್ಸಿಕೊಂಡ್ಲು. ಅತ್ತಿಯವರು ಬಾಗಲದಾಗ ನಿಂತು ಒಂದು ಗಳಿಗಿ ನೋಡಿದ್ರು. "ನನ್ನ ಗಂಗಾಳಾನೂ ಇಲ್ಲೇ ಇಡವಾ" ಅಂದ್ರು. ಒಲಿಮ್ಯಾಲಿಂದ ಇಳಿಸಿದ ಮೆತ್ತನ ರೊಟ್ಟಿ ಸಣ್ಣಗ ಮುರಿದು ಪಲ್ಯಾದಾಗ ಕಲಿಸಿಕೊಂಡು, ನಡುವ ಕುಂತು ಉಂಡ್ರು. ಸೆರಗು ಹೆಗಲ ಮ್ಯಾಲೇ ಇತ್ತು.

ಉಂಡು ಕೈ ತೊಳಕೊಂಡು, "ಉಪ್ಪು ಒಂದೀಟ ಕಮ್ಮಿ ಆಗಿತ್ತು ನೋಡು" ಅಂದ್ರು. ಮದಿವ್ಯಾಗಿ ಬಂದಾಗಿಂದ ಆ ಮಾತು ಎಷ್ಟು ಸಲ ಕೇಳೇನೋ. ಅವತ್ತು ಕೇಳಿದಷ್ಟು ಖುಷಿ ಯಾವತ್ತೂ ಆಗಿದ್ದಿಲ್ಲ.

ಈಗ ಸೆಟ್ ಕೂಡಿಸ್ಯಾರ, ಕಡಕ್ ರೊಟ್ಟೀನೂ ಕಡೀತಾರ. ಆದ್ರೂ ವಾರಕ್ಕೊಮ್ಮಿ ಗೋಬಿ ಪಲ್ಯ ಮಾಡಂತ ಅವರ ಹೇಳ್ತಾರ. ನಿಮ್ಮ ಮನ್ಯಾಗೂ ಹಿರಿಯರು ಯಾರರ "ನಂದು ಆಮ್ಯಾಲೆ" ಅಂದ್ರ, ಹಸಿವಿಲ್ಲ ಅಂತ ನನ್ನಂಗ ಸುಮ್ಮನ ಕೂಡಬ್ಯಾಡ್ರಿ. ಅವರಿಗೆ ಆಗೋ ಅಡಗೀನ ಎಲ್ಲಾರಿಗೂ ಮಾಡಿ, ಗಂಗಾಳ ನಡುವ ಇಡ್ರಿ.