ಎಲ್ಲರೂ ಓಡಲೇಬೇಕೆ?

ಶಾಲೆಯ ಕ್ರೀಡಾಕೂಟದಲ್ಲಿ ಮೊದಲ ಸುತ್ತಿಗೇ ಹೊರಬಿದ್ದ ಮಕ್ಕಳನ್ನು ಚಪ್ಪಾಳೆ ತಟ್ಟಲು ಕೂರಿಸುವುದು ನಮ್ಮಲ್ಲಿ ವಾಡಿಕೆ. ಚುರುಕಾಗಿರಿ ಎಂದು ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಬಯಲು ಬಿಟ್ಟುಕೊಡುವುದು ಗೆಲ್ಲುವ ನಾಲ್ವರಿಗೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯೇರುವಂಥ ಚಟುವಟಿಕೆ ಬೇಕೆನ್ನುತ್ತದೆ. ಅದಕ್ಕೆ ತಂಡ, ಪದಕ, ಸೀಟಿಯ ಷರತ್ತಿಲ್ಲ. ಬಿರುಸಾಗಿ ನಡೆದರೂ ಸೈ, ಕುಣಿದರೂ ಸೈ. 1956ರಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಅಧ್ಯಯನ 100ಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದ ಗಮನಿಸುತ್ತ ಬಂತು. ಕೈಕಾಲು ಆಡಿಸುವ ಹುರುಪು, ಹೊಸದಕ್ಕೆ ನುಗ್ಗುವ ಅಥವಾ ಹಿಂಜರಿಯುವ ಗುಣ ಒಬ್ಬೊಬ್ಬರದು ಒಂದೊಂದು ಬಗೆ. ಆ ಗುಣಕ್ಕೂ ಹಿರಿಯರ ನಿರೀಕ್ಷೆಗೂ ಹೊಂದಿಕೆಯಾಗದಿದ್ದಾಗ ತೊಡಕು ಏಳುತ್ತದೆ ಎಂಬುದು ಅವರು ಕಂಡ ಮಾತು. ಹಾಗಿರುವಾಗ ಸಂಕೋಚದ ಮಗುವನ್ನು ಕಬಡ್ಡಿ ಅಂಕಣಕ್ಕೆ ನೂಕಿ, ಅತ್ತರೆ ಸೋಮಾರಿ ಅನ್ನುವುದು ಅನ್ಯಾಯ.

ಅದರಲ್ಲೂ ರಾಮನಗರದ ಸೀಮೆಯಲ್ಲಿ ಕಾಲಿಗೆ ಕೆಲಸ ಕೊಡುವ ದಾರಿಗಳಿಗೆ ಬರವಿಲ್ಲ. ಧೈರ್ಯದ ಹುಡುಗಿಗೆ, ದೊಡ್ಡವರು ಜೊತೆಗಿದ್ದರೆ, ಮಾಗಡಿಯ ಸಾವನದುರ್ಗದ ಬಂಡೆಯಿದೆ. ಗದ್ದಲ ಒಲ್ಲದ ಹುಡುಗನಿಗೆ ರಾಮದೇವರ ಬೆಟ್ಟವೇ ಚೆನ್ನ. 2012ರಲ್ಲಿ ರಣಹದ್ದು ಧಾಮವಾದ ಆ ಜಾಗದಲ್ಲಿ ಮೌನವೇ ಯೋಗ್ಯತೆ. ಹದ್ದು ಕಾಣುವ ಆಸೆಯಿಂದ ಹತ್ತುವವನಿಗೆ ಮೆಟ್ಟಿಲು ಲೆಕ್ಕಕ್ಕೆ ಬರುವುದಿಲ್ಲ. ತಮಟೆ ಕೇಳಿದೊಡನೆ ಹೆಜ್ಜೆ ಹಾಕುವ ಮಗುವಿಗೆ ಪೂಜಾ ಕುಣಿತವಿದೆ. ದೇವಿಯ ಮುಖವಾಡ ಕಟ್ಟಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ನಿಲ್ಲಿಸಿ ಕುಣಿಯುವುದಕ್ಕೆ ಬೇಕಾದ ಕತ್ತು, ಬೆನ್ನು, ತೊಡೆಯ ಕಸುವು ಯಾವ ಜಿಮ್ಮಿಗೂ ಕಡಿಮೆಯಲ್ಲ. (ಇಂಥ ಕಲೆಗಳಿಗಾಗಿ ಎಚ್.ಎಲ್. ನಾಗೇಗೌಡರು ಇಲ್ಲೇ ಕಟ್ಟಿದ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ಯುವ ನಾವು, ಕುಣಿಸದೆ ಬರೀ ನೋಡಿಸಿ ಕರೆತರುತ್ತೇವೆ.) ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಮಣಿಕಟ್ಟಿಗೆ ಪಾಠ ಹೇಳಿದರೆ, ದಾರ ಕಟ್ಟಿ ಎಳೆಯುವ ಗಾಡಿ ಕೂಸನ್ನು ಮನೆತುಂಬ ನಡೆಸುತ್ತದೆ.

ಅವರಿಷ್ಟಕ್ಕೆ ಬಿಟ್ಟರೆ ಮೊಬೈಲ್ ಹಿಡಿದು ಕೂರುತ್ತಾರೆ ಎಂಬ ಆಕ್ಷೇಪ ನಿಜ. ಆದರೆ ಮೈ ಆಡಿಸಬೇಕೇ ಬೇಡವೇ ಎಂಬುದನ್ನು ಮಗುವಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಹೇಗೆ, ಯಾರ ಜೊತೆ ಎಂಬುದನ್ನು ಬಿಡಬೇಕು. ಹಳ್ಳಿ ಮಕ್ಕಳಿಗೆ ಮನೆಗೆಲಸವೇ ಸಾಕು ಎನ್ನುವವರೂ ಇದ್ದಾರೆ. ಹಿಪ್ಪುನೇರಳೆ ಸೊಪ್ಪು ಹೊತ್ತು ತರುವುದರಿಂದ ಮೈ ಗಟ್ಟಿಯಾದೀತು. ಆದರೆ ಇಲ್ಲಿನ ರೇಷ್ಮೆ ಬಿಚ್ಚಾಣಿಕೆಯಲ್ಲಿ ಮಕ್ಕಳು ಜೀತಕ್ಕಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ದಾಖಲಿಸಿದೆ. ದುಡಿಮೆಯನ್ನು ಆಟವೆಂದು ಕರೆಯಲು ಈ ಊರುಗಳಾದರೂ ಹಿಂಜರಿಯಬೇಕು. ಇನ್ನು ಸ್ವಭಾವ ಎಂಬ ಮಾತೇ ನೆಪವಾಗುವ ಅಪಾಯವೂ ಉಂಟು. 2019ರ ಜಾಗತಿಕ ಅಧ್ಯಯನವೊಂದರ ಪ್ರಕಾರ 11ರಿಂದ 17 ವಯಸ್ಸಿನವರಲ್ಲಿ ಸಾಕಷ್ಟು ಚಟುವಟಿಕೆಯಿಲ್ಲದ ಹುಡುಗರು ಶೇ 78, ಹುಡುಗಿಯರು ಶೇ 85. ಅವಳಿಗೆ ಆಟ ಇಷ್ಟವಿಲ್ಲ ಎಂದು ಷರಾ ಬರೆಯುವ ಮುಂಚೆ ಶಾಲೆಯ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಸಮವಸ್ತ್ರದ ಲಂಗದಲ್ಲಿ ಓಡಲಾಗುತ್ತದೆಯೇ, ದೊಡ್ಡವಳಾದ ಮೇಲೆ ಮನೆಯವರು ಸಂಜೆ ಎಷ್ಟು ಹೊತ್ತಿನವರೆಗೆ ಹೊರಗೆ ಬಿಡುತ್ತಾರೆ ಎಂದು ವಿಚಾರಿಸಬೇಕು.