ಹಳೆಯ ಗರಗಸವೋ ಹೊಸ ಗರಗಸವೋ

ಹಳೆಯದು ಮೇಲೋ ಹೊಸದು ಮೇಲೋ ಎಂಬ ಚರ್ಚೆ ಒಂದಲ್ಲ ಒಂದು ದಿನ ಪ್ರತಿಯೊಬ್ಬ ಗೃಹಸ್ಥನ ಜಗಲಿಗೂ ಬಂದೇ ಬರುತ್ತದೆ. ಅಕ್ಕಿ ಹಳೆಯದಿರಬೇಕು, ತುಪ್ಪ ಹೊಸದಿರಬೇಕು. ಉಪ್ಪಿನಕಾಯಿ ಹಳೆಯದಾದಷ್ಟೂ ರುಚಿ, ಔಷಧ ಹಳೆಯದಾದರೆ ಅಪಾಯ. ಇವುಗಳಲ್ಲಿ ನಮಗೆ ಸಂದೇಹವೇ ಹುಟ್ಟದು. ಯಂತ್ರಗಳ ಮಾತು ಹಾಗಲ್ಲ. ಅಲ್ಲಿ ಹಿರಿಯರು ಹಳೆಯದರ ಗಟ್ಟಿತನವನ್ನೂ ಕಿರಿಯರು ಹೊಸದರ ನಯವನ್ನೂ ಹೊಗಳುತ್ತ ಕುಳಿತರೆ ಹೊತ್ತು ಹೋದುದೇ ತಿಳಿಯದು.

ಈ ವರ್ಷ ನಮ್ಮ ಮನೆಯಲ್ಲಿ ಈ ಚರ್ಚೆ ಎದ್ದುದು ಸರಪಣಿ ಗರಗಸದ ವಿಷಯದಲ್ಲಿ. ಪೇಟೆಯವರೂ ಹಳ್ಳಿಯವರೂ ಅದನ್ನು ಚೈನ್‌ಸಾ ಎಂದೇ ಕರೆಯುತ್ತಾರೆ. ಸಾಗರದ ಸೀಮೆಯಲ್ಲಿ ಅಡಕೆ ತೋಟವುಳ್ಳವರಿಗೆ ಆಷಾಢದ ಗಾಳಿಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಮತ್ತಿಯೋ ಹಲಸೋ ಬುಡಮೇಲಾಗಿ ದಾರಿಗಡ್ಡ ಬಿದ್ದರೆ ಅದನ್ನು ತುಂಡರಿಸುವವರೆಗೆ ಗಾಡಿಯೂ ಬಾರದು, ಹಾಲೂ ಹೋಗದು. ನಿಂತ ಮರದ ಮಾತು ಬೇರೆ. ಕೆಲವು ಜಾತಿಗಳನ್ನು ಬಿಟ್ಟರೆ ಉಳಿದುವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣ ಕಾಯಿದೆಯಂತೆ ಅನುಮತಿ ಪಡೆಯತಕ್ಕದ್ದು. ಗರಗಸ ಎಷ್ಟೇ ಹರಿತವಾಗಿದ್ದರೂ ಆ ಕಟ್ಟಳೆಯನ್ನು ಕತ್ತರಿಸಲಾರದು.

ನಮ್ಮ ಮುಂದಿದ್ದ ಯಂತ್ರಗಳು ಎರಡು. ಒಂದು, ಕಳೆದ ವರ್ಷ ದಿವಂಗತರಾದ ನನ್ನ ಬಾಲ್ಯಸ್ನೇಹಿತರದು. ಸುಮಾರು ಮೂವತ್ತು ವರ್ಷ ದುಡಿದದ್ದು. 100 ಘನ ಸೆಂಟಿಮೀಟರಿಗೂ ಮಿಗಿಲಾದ ಎಂಜಿನು, ಅಲಗು ಸೇರಿ ಹನ್ನೆರಡು ಕಿಲೋಗ್ರಾಂ ಭಾರ. ಹೊಸದರ ಮೂರರಲ್ಲೊಂದು ಪಾಲಿನ ಬೆಲೆಗೆ ಕೊಡುವುದಾಗಿ ಅವರ ಪತ್ನಿ ಹೇಳಿ ಕಳುಹಿಸಿದ್ದರು. ಆ ಹಣ ಆ ಮನೆಗೆ ಬೇಕಾಗಿತ್ತೆಂಬುದೂ ನನಗೆ ಗೊತ್ತಿತ್ತು. ಇನ್ನೊಂದು, ಪೇಟೆಯ ಅಂಗಡಿಯಲ್ಲಿದ್ದ ಹೊಸದು. 50 ಘನ ಸೆಂಟಿಮೀಟರಿನದು, ಹಳೆಯದರ ಅರ್ಧದಷ್ಟು ತೂಕ.

ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಈ ವ್ಯಾಜ್ಯವನ್ನು ಎಂದೋ ತೀರ್ಮಾನಿಸಿದ್ದಾನೆ. ಪ್ರಾಚೀನತೆಯೇ ಗುಣವಲ್ಲ, ನೂತನತೆಯೇ ದೋಷವಲ್ಲ, ವಿವೇಕಿಗಳು ಪರೀಕ್ಷಿಸಿ ಆರಿಸುತ್ತಾರೆ ಎಂಬುದು ಅಲ್ಲಿಯ ತಾತ್ಪರ್ಯ. ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಇದನ್ನೇ ಪಾಠ ಹೇಳಿದವನು ನಾನು. ಆದರೆ ಕವಿ ಹೇಳಿದ್ದು ನಾಟಕದ ವಿಷಯ. ನಾಟಕ ಕೆಟ್ಟರೆ ನೋಡಿದವರಿಗೆ ಒಂದು ಸಂಜೆ ನಷ್ಟ, ಅಷ್ಟೆ. ಗರಗಸದಲ್ಲಿ ಪರೀಕ್ಷೆ ತಪ್ಪಿದರೆ ನಷ್ಟವಾಗುವುದು ಬೇರೆ.

ಅಮರಕೋಶದಲ್ಲಿ ಗರಗಸಕ್ಕೆ ಕ್ರಕಚವೆಂದೂ ಕರಪತ್ರವೆಂದೂ ಹೆಸರುಗಳಿವೆ. ಕರಪತ್ರವು ಈಗ ಕನ್ನಡದಲ್ಲಿ ಚುನಾವಣೆಯ ಕಾಲಕ್ಕೆ ಹಂಚುವ ಕಾಗದವಾಗಿದೆ. ಸರಪಣಿ ಗರಗಸದ ಚರಿತ್ರೆಯಾದರೂ ಇಷ್ಟೇ ವಿಚಿತ್ರವಾದುದು. ಸರಪಣಿಗೆ ಹಲ್ಲು ಕಟ್ಟಿ ತಿರುಗಿಸುವ ಉಪಾಯವನ್ನು 1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಪ್ರಯೋಗಿಸಿದ್ದು ಮೂಳೆ ಕೊಯ್ಯುವ ಶಸ್ತ್ರಚಿಕಿತ್ಸೆಗಾಗಿ. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ಎಂಬ ಎಂಜಿನಿಯರು ಮರ ಕೊಯ್ಯಲು ಮಾಡಿದ ವಿದ್ಯುತ್ ಗರಗಸವನ್ನು ಹಿಡಿಯಲು ಇಬ್ಬರು ಆಳುಗಳು ಬೇಕಾಗಿದ್ದರು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬುವನು 1946ರಲ್ಲಿ ಒಂದು ದುಂಬಿಯ ಮರಿಹುಳು ಮರವನ್ನು ನಾರಿಗೆ ಅಡ್ಡವಾಗಿಯೂ ಉದ್ದವಾಗಿಯೂ ಸಲೀಸಾಗಿ ಕೊರೆಯುವುದನ್ನು ಕಂಡು, ಅದರ ದವಡೆಯ ಮಾದರಿಯಲ್ಲಿ ಸರಪಣಿಯ ಹಲ್ಲನ್ನು ರೂಪಿಸಿದನು. ಇಂದಿನ ಸರಪಣಿಗಳೆಲ್ಲ ಬಹುಮಟ್ಟಿಗೆ ಆ ಹುಳುವಿನ ಶಿಷ್ಯರೇ.

ಹಳೆಯ ಯಂತ್ರವನ್ನು ಪರೀಕ್ಷಿಸಲು, ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದೊಯ್ದೆ. ಶಬ್ದರೂಪಗಳಲ್ಲಿ ಎಂದೂ ತೇರ್ಗಡೆಯಾಗದಿದ್ದ ಹುಡುಗ ಈ ಶಾಸ್ತ್ರದಲ್ಲಿ ಪಾರಂಗತನು. ಮೊದಲು ಆತ ಚಾಲನೆಯ ಹಗ್ಗದ ಹಿಡಿಯಿಂದಲೇ ಯಂತ್ರವನ್ನು ಎತ್ತಿ ತೂಗುಬಿಟ್ಟನು. ಅದು ತಡೆತಡೆದು ಮೆಲ್ಲನೆ ಇಳಿದರೆ ಸಿಲಿಂಡರಿನ ಒತ್ತಡ ಚೆನ್ನಾಗಿದೆಯೆಂದೂ, ಜರ್ರನೆ ಜಾರಿದರೆ ಪಿಸ್ಟನ್ನು ಸವೆದಿದೆಯೆಂದೂ ತಿಳಿಯತಕ್ಕದ್ದು. ಬಳಿಕ ಹೊಗೆಗೂಡನ್ನು ಬಿಚ್ಚಿ ಒಳಗಣ ಪಿಸ್ಟನ್ನಿನ ಮೈ ನೋಡಿದನು. ಉದ್ದುದ್ದ ಗೀರುಗಳಿದ್ದರೆ ಎಣ್ಣೆ ಸಾಲದೆ ದುಡಿದಿದೆಯೆಂದು ಅರ್ಥ. ಸ್ಪಾರ್ಕ್ ಪ್ಲಗ್ಗಿನ ತುದಿ ಕಾಫಿಯ ಬಣ್ಣವಿರಬೇಕು, ಬಿಳಿಚಿಕೊಂಡಿರಬಾರದು. ಕಡೆಗೆ ಯಂತ್ರವನ್ನು ಓಡಿಸಿ ಅಲಗಿನ ತುದಿಯನ್ನು ಒಂದು ಕಾಗದದ ಕಡೆಗೆ ಹಿಡಿದನು. ಎಣ್ಣೆಯ ಸಣ್ಣ ಗೆರೆ ಮೂಡಿತು, ಸರಪಣಿಗೆ ಎಣ್ಣೆ ಸರಿಯಾಗಿ ಬರುತ್ತಿದೆಯೆಂದು ತಿಳಿಯಿತು. ಎಲ್ಲದರಲ್ಲಿಯೂ ಆ ಹಳೆಯ ಯಂತ್ರ ತೇರ್ಗಡೆಯಾಯಿತು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ಹಳೆಯ ರಬ್ಬರು ನಳಿಗೆಗಳನ್ನು ಕೆಡಿಸುವುದರಿಂದ ಅವನ್ನು ಬದಲಾಯಿಸಬೇಕೆಂದನು. ಅದು ಅಲ್ಪ ವೆಚ್ಚದ ಕೆಲಸ.

“ಹಾಗಾದರೆ ಕೊಳ್ಳಬಹುದಷ್ಟೆ?” ಎಂದೆ.

“ಯಂತ್ರಕ್ಕೇನೂ ಆಗಿಲ್ಲ ಸಾರ್. ಆದರೆ ಇದಕ್ಕೆ ಬ್ರೇಕಿಲ್ಲ,” ಎಂದನು.

ಸರಪಣಿಯು ಸೆಕೆಂಡಿಗೆ ಸುಮಾರು 20 ಮೀಟರಿನ ವೇಗದಲ್ಲಿ ಓಡುತ್ತದೆ. ಅಲಗಿನ ಮೂತಿಯ ಮೇಲ್ಭಾಗ ಒಂದು ಗಂಟಿಗೋ ಕೊಂಬೆಗೋ ತಗುಲಿದರೆ ಗರಗಸವು ಹಿಡಿದವನ ಮುಖದತ್ತ ಒಮ್ಮೆಲೇ ಹಿಂದಕ್ಕೆ ಚಿಮ್ಮುತ್ತದೆ. ಕಣ್ಣು ಕಂಡು ಮನಸ್ಸು ಅರಿತು ಕೈ ಹಿಂತೆಗೆಯುವಷ್ಟು ವ್ಯವಧಾನ ಅಲ್ಲಿಲ್ಲ. ಆದುದರಿಂದ 1970ರ ದಶಕದ ಆದಿಯಿಂದ ಕೈಯ ಮುಂದೊಂದು ತಡೆಯನ್ನಿಟ್ಟು, ಯಂತ್ರ ಚಿಮ್ಮಿದೊಡನೆ ಸರಪಣಿ ತಾನಾಗಿ ನಿಲ್ಲುವ ಏರ್ಪಾಡನ್ನು ತಯಾರಕರು ತಂದರು. ಹಿಡಿಗೂ ಎಂಜಿನಿಗೂ ನಡುವೆ ರಬ್ಬರನ್ನೋ ಸ್ಪ್ರಿಂಗನ್ನೋ ಇಟ್ಟು ಕಂಪನವನ್ನೂ ತಗ್ಗಿಸಿದರು. ಸ್ನೇಹಿತರ ಯಂತ್ರದ ಮಾದರಿ ಬಹಳ ಹಿಂದಿನದು. ಅದರಲ್ಲಿ ಬ್ರೇಕೂ ಇರಲಿಲ್ಲ, ಕಂಪನದ ತಡೆಯೂ ಇರಲಿಲ್ಲ.

ನಮ್ಮ ತೋಟದಲ್ಲಿ ಮರ ಕೊಯ್ಯುವವನು ನಾನಲ್ಲ, ನನ್ನ ಮಗನೂ ಅಲ್ಲ. ಹತ್ತಾರು ವರ್ಷಗಳಿಂದ ನಮ್ಮಲ್ಲಿಗೆ ಬರುವ ಒಬ್ಬ ಕೆಲಸಗಾರನುಂಟು. ಅವನ ಅಭಿಪ್ರಾಯ ಕೇಳಿದರೆ, “ಹಳೆಯದೇ ಇರಲಿ ಅಯ್ಯಾ, ಅದರ ಶಕ್ತಿ ಹೊಸದಕ್ಕೆಲ್ಲಿ?” ಎಂದನು. ಹಾಗೆನ್ನುವಾಗ ನಾನು ಅವನ ಕೈಗಳನ್ನು ನೋಡುತ್ತಿದ್ದೆ. ಬಾಡಿಗೆಯ ಹಳೆಯ ಗರಗಸಗಳನ್ನು ಹಿಡಿದು ದುಡಿದವನು. ಮಳೆಗಾಲದ ಬೆಳಗ್ಗೆ ಅವನ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿ ಜೋಮು ಹಿಡಿಯುತ್ತವೆ, ಅಂಗಿಯ ಗುಂಡಿ ಹಾಕಲು ಹೆಂಡತಿ ಬರಬೇಕು. ವರ್ಷಗಟ್ಟಲೆ ಕಂಪನ ತಿಂದ ಕೈಗಳಿಗೆ ಬರುವ ಈ ವ್ಯಾಧಿಯನ್ನು ವೈದ್ಯರು ಬಿಳಿಬೆರಳೆಂದೇ ಕರೆಯುತ್ತಾರೆ. ಬಲಿತ ಮೇಲೆ ಅದು ಪೂರ್ತಿಯಾಗಿ ವಾಸಿಯಾಗುವುದು ಅಪರೂಪ.

ಬೆಲೆಯ ಲೆಕ್ಕ ಅಲ್ಲಿಗೆ ಮುಗಿಯಿತು. ನನಗೆ ಉಳಿಯುತ್ತಿದ್ದ ಹಣವನ್ನು ಇನ್ನೊಬ್ಬನ ಕೈಗಳು ತೆರಬೇಕಾಗಿತ್ತು. ಹೊಸದನ್ನೇ ಕೊಂಡೆವು, ಜೊತೆಗೆ ಮುಖದ ಜಾಲರಿಯುಳ್ಳ ಶಿರಸ್ತ್ರಾಣವನ್ನೂ ಕಾಲಿನ ಕವಚವನ್ನೂ ತಂದೆವು. ಬ್ಯಾಟರಿಯ ಗರಗಸವನ್ನು ಅಂಗಡಿಯವರು ತೋರಿಸಿದರು. ಸದ್ದಿಲ್ಲ, ಹೊಗೆಯಿಲ್ಲ, ಕೊಂಬೆ ಸವರಲು ಸೊಗಸಾದುದು. ಆದರೆ ಮರ ಬೀಳುವ ದಿನವೇ ವಿದ್ಯುತ್ ತಂತಿಯೂ ಬೀಳುವ ನಮ್ಮ ಸೀಮೆಗೆ ಅದು ಇನ್ನೂ ಒಪ್ಪದು.

ಸ್ನೇಹಿತರ ಪತ್ನಿಗೆ ವಿಷಯ ತಿಳಿಸುವುದೇ ಕಷ್ಟದ ಕೆಲಸವಾಯಿತು. ಸುತ್ತಿ ಬಳಸದೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಅವರ ಎಡಭುಜದ ಗಾಯ ನಿಮಗೆ ನೆನಪಿರಬೇಕಲ್ಲ. ಆ ವರ್ಷದ ಮಳೆಗಾಲವೆಲ್ಲ ನಾನೇ ಊಟ ಮಾಡಿಸಿದೆ. ಅದು ಅಟ್ಟದ ಮೇಲೇ ಇರಲಿ ಬಿಡಿ,” ಎಂದರು. ಕೊಳ್ಳಲು ಬೇರೊಬ್ಬರು ಸಿದ್ಧರಿದ್ದುದನ್ನು ನಾನು ಬಲ್ಲೆ. ಹಣದ ಅಗತ್ಯವಿದ್ದೂ ಆ ತಾಯಿ ಅದನ್ನು ಮಾರಲಿಲ್ಲ.

ಹಳೆಯ ಗರಗಸ ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಬ್ರೇಕು ಇದ್ದು ಅದು ಕೆಲಸ ಮಾಡುವಂತಿದ್ದರೆ, ಬಿಡಿಭಾಗಗಳು ದೊರೆಯುವಂತಿದ್ದರೆ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಧಾರಾಳವಾಗಿ ಕೊಳ್ಳಬಹುದು. ಹೊಸದಾದರೂ ಆರೈಕೆ ತಪ್ಪದು. ಲೀಟರು ಪೆಟ್ರೋಲಿಗೆ 20 ಮಿಲಿಲೀಟರಿನಂತೆ ತಯಾರಕರು ಹೇಳಿದ ಎಣ್ಣೆಯನ್ನೇ ಬೆರೆಸುವುದು, ವಾರಗಟ್ಟಲೆ ಮೂಲೆಗಿಡುವುದಾದರೆ ಟ್ಯಾಂಕನ್ನು ಬರಿದು ಮಾಡುವುದು, ಪುಡಿ ಉದುರುತ್ತಿದ್ದರೆ ಹಲ್ಲುಗಳಿಗೆ ಅರ ಹಾಕುವುದು ಇವಿಷ್ಟು ನಿತ್ಯಕರ್ಮ. ಹರಿತವಾದ ಸರಪಣಿ ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡಾದುದು ಧೂಳನ್ನು. ಕೊಳ್ಳುವ ಮುನ್ನ ಅದನ್ನು ಹಿಡಿಯುವವನನ್ನೂ ಅಂಗಡಿಗೆ ಕರೆದೊಯ್ದು ಅವನ ಕೈಗೆ ಕೊಟ್ಟು ನೋಡುವುದು ಲೇಸು.