ಒಂದು ಅರ್ಜಿ, ಇಬ್ಬರು ಅಜ್ಜಿಯರು

ಭಾಗ 1/7

ಮೊದಲ ಫೋಟೋದಲ್ಲಿರೋದು ಧಡೇಸೂಗೂರು ಹತ್ತಿರದ ಸೇತುವೆ. ನಮ್ಮ ಸಿರುಗುಪ್ಪ ಕಡೆಯಿಂದ ಹೋದ್ರೆ ಇಲ್ಲೇ ತುಂಗಭದ್ರೆ ದಾಟಿ ಸಿಂಧನೂರು ತಾಲ್ಲೂಕಿಗೆ ಇಳಿತೀವಿ. ಹೊಳೆಯ ಈ ಕಡೆನೂ ಭತ್ತ, ಆ ಕಡೆನೂ ಭತ್ತ. ಬಸ್ಸಲ್ಲಿ ನಿದ್ದೆ ಮಾಡಿದ್ರೆ ಜಿಲ್ಲೆ ಬದಲಾಗಿದ್ದೇ ಗೊತ್ತಾಗಲ್ಲ.

ಹೋದ ವರ್ಷ ಈ ಸೇತುವೆ ಮೇಲೆ ನಾಲ್ಕು ಸಲ ಓಡಾಡಿದೆ. ಕಾರಣ ಒಂದು ಅರ್ಜಿ. ನಾವೆಲ್ಲ ಬಿಕಾಂನಲ್ಲಿ ಪತ್ರ ಬರೆಯೋದು ಕಲಿತಿದ್ದೀವಿ, ಅಲ್ವಾ? ಮೇಲೆ ಇಂದ, ಗೆ, ವಿಷಯ, ಉಲ್ಲೇಖ. ಆ ಪಿರಿಯಡ್‌ನಲ್ಲಿ ನಾನು ಲಾಸ್ಟ್ ಬೆಂಚಲ್ಲಿ ಕೂತು ಏನು ಮಾಡ್ತಿದ್ದೆ ಅಂತ ಕ್ಲಾಸ್‌ಮೇಟ್ಸ್‌ಗೆ ಗೊತ್ತು. ಇಲ್ಲಿ ಹೇಳಲ್ಲ.

ನಾನು ಜೀವನದಲ್ಲಿ ಬರೆದ ಮೊದಲ ನಿಜವಾದ ಪತ್ರ ಇಷ್ಟೇ: ಒಬ್ಬ ಅಜ್ಜಿ ಭಾರತದ ಪೌರತ್ವಕ್ಕೆ ಪ್ರಮಾಣವಚನ ತಗೋಬೇಕು, ಅದನ್ನ ಜಿಲ್ಲಾ ಕೇಂದ್ರದಲ್ಲಿ ಮಾಡಿಸೋ ಬದಲು ಅವರ ಊರ ಹತ್ತಿರ ಮಾಡಿಸ್ತೀರಾ ಅಂತ ಕೇಳೋದು.

ಅಜ್ಜಿ ನನ್ನವರಲ್ಲ. ಬಳ್ಳಾರಿ ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್ ಆಗಿರೋ ಗೆಳತಿಯ ಅಮ್ಮನ ಅಮ್ಮ. ಹೆಸರು ಹಾಕ್ಬೇಡ, ಮುಖ ಹಾಕ್ಬೇಡ ಅಂದಿದ್ದಾಳೆ, ಅದಕ್ಕೆ ಸೇತುವೆ ಫೋಟೋ. ಉಳಿದಿದ್ದನ್ನ ಬರಿ ಅಂದಿದ್ದಾಳೆ.

ಭಾಗ 2/7

ಸಿಂಧನೂರಲ್ಲಿ ಬಂಗಾಳಿ ಕ್ಯಾಂಪುಗಳಿವೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಬೆಂಗಳೂರಿನ ಫಾಲೋವರ್ಸ್‌ಗೆ ಗೊತ್ತಿರಲಿಕ್ಕಿಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಹಿಂದೂ ನಿರಾಶ್ರಿತರಿಗೆ 1970ರ ದಶಕದ ಹೊತ್ತಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಪುನರ್ವಸತಿ ಕ್ಯಾಂಪು ಅಂತ ಕರೆದಿದ್ದು ಹಾಗೇ ಊರಿನ ಹೆಸರಾಗಿ ಉಳ್ಕೊಂಡಿದೆ. ಒಳಗೆ ಹೋದ್ರೆ ದುರ್ಗಾಪೂಜೆ, ಮೀನಿನ ಸಾರು, ಮನೆಯಲ್ಲಿ ಬಂಗಾಳಿ. ರಸ್ತೆಗೆ ಬಂದ್ರೆ ನಮ್ಮದೇ ಕನ್ನಡ.

ಅಲ್ಲಿ ಅಮ್ಮನ ಅಮ್ಮನಿಗೆ ದಿದಿಮಾ ಅಂತಾರೆ. ನಾನೂ ಹಾಗೇ ಕರೀತೀನಿ. ದಿದಿಮಾಗೆ ಎಪ್ಪತ್ತೇಳರ ಹತ್ತಿರ ವಯಸ್ಸು. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲೇ ಭತ್ತ ನಾಟಿ ಮಾಡಿದ್ದಾರೆ, ಕಳೆ ಕಿತ್ತಿದ್ದಾರೆ. ಆದ್ರೆ ಪೌರತ್ವ ಇಲ್ಲ.

'ನೀನು ಮಾತ್ರ ಹೇಗೆ ಇಂಡಿಯನ್?' ಅಂತ ಗೆಳತಿನ ಕೇಳಿದ್ದೆ. ದಡ್ಡ ಪ್ರಶ್ನೆ ಅನ್ಕೊಂಡಿದ್ದೆ, ಉತ್ತರ ಮಾತ್ರ ನಮ್ಮ ಟ್ಯಾಕ್ಸ್ ಪೇಪರ್‌ಗಿಂತ ಕಷ್ಟ ಇತ್ತು. 1987ರ ಜುಲೈ 1ಕ್ಕಿಂತ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅವಳ ಅಪ್ಪ, ಅಮ್ಮ ಇಬ್ಬರೂ ಅದಕ್ಕಿಂತ ಮುಂಚೆ ಕ್ಯಾಂಪಲ್ಲೇ ಹುಟ್ಟಿದವರು. ಅವರು ಪೌರರು, ಹಾಗಾಗಿ ಮಗಳೂ ಪೌರಳು. ಹೆತ್ತ ದಿದಿಮಾ ಮಾತ್ರ ಲೆಕ್ಕದಲ್ಲಿಲ್ಲ.

ಒಂದೇ ಮನೆ, ಒಂದೇ ಅಡುಗೆ, ಎರಡು ಥರ ಜನ.

ಭಾಗ 3/7

ಪೌರತ್ವ ತಿದ್ದುಪಡಿ ಕಾಯ್ದೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ಅದರ ನಿಯಮ ಬಂದಿದ್ದು 2024ರ ಮಾರ್ಚ್ 11ಕ್ಕೆ. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅರ್ಜಿ ಹಾಕಬಹುದು. ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ಈ ಕಾನೂನಿನ ಬಗ್ಗೆ ದೇಶದಲ್ಲಿ ದೊಡ್ಡ ಜಗಳನೇ ಆಗಿದೆ, ಸುಪ್ರೀಂ ಕೋರ್ಟಲ್ಲೂ ಕೇಸುಗಳಿವೆ. ನಮ್ಮ ಹಾಸ್ಟೆಲ್ ರೂಮಲ್ಲೇ ಎರಡು ಅಭಿಪ್ರಾಯ ಇವೆ. ಇಬ್ಬರೂ ಸೇರಿನೇ ಅರ್ಜಿ ತುಂಬಿದ್ವಿ.

2024ರ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐದು ಜನಕ್ಕೆ ಪೌರತ್ವ ಸಿಕ್ತು ಅಂತ ಪೇಪರಲ್ಲಿ ಬಂತು. ಅದಾದ ಮೇಲೆ ದಿದಿಮಾ ಮನೇಲೂ ಮಾತು ಶುರುವಾಯ್ತು.

ಅರ್ಜಿ ಆನ್‌ಲೈನ್, ಫೀ 50 ರೂಪಾಯಿ. ಕಷ್ಟ ಇರೋದು ಕಾಗದದಲ್ಲಿ. ಆ ದೇಶದವರು ಅನ್ನೋದಕ್ಕೆ ಒಂದು ದಾಖಲೆ, ಇಲ್ಲಿಗೆ ಯಾವಾಗ ಬಂದ್ರು ಅನ್ನೋದಕ್ಕೆ ಒಂದು ದಾಖಲೆ. ಅಲ್ಲಿನ ಜಮೀನಿನ ಕಾಗದ ಇದ್ರೂ ನಡೆಯುತ್ತೆ. ದಿದಿಮಾ ಟ್ರಂಕಿನ ತಳದಿಂದ ಅವರಪ್ಪನ ಹೊಲದ ಕಾಗದ ತೆಗೆದ್ರು. ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಯಾವ ಹೊಲ ಬಿಟ್ಟು ಓಡಿ ಬಂದ್ರೋ ಆ ಹೊಲದ ಕಾಗದನೇ ಈಗ ಬೇಕಾಯ್ತು.

ಕೊನೆಯ ಹಂತ ಖುದ್ದು ಹಾಜರಾತಿ. ಜಿಲ್ಲಾ ಮಟ್ಟದ ಸಮಿತಿ ಮುಂದೆ ಒರಿಜಿನಲ್ ತೋರಿಸಬೇಕು, ಸಹಿ ಮಾಡಬೇಕು, ಪ್ರಮಾಣ ಮಾಡಬೇಕು. ಆ ಸಮಿತಿಗೆ ಮುಖ್ಯಸ್ಥರು ಯಾರು ಗೊತ್ತಾ? ಅಂಚೆ ಇಲಾಖೆಯ ಸೂಪರಿಂಟೆಂಡೆಂಟ್. ನನಗೂ ಆಗಲೇ ಗೊತ್ತಾಗಿದ್ದು.

ಭಾಗ 4/7

ಮೆಸೇಜ್ ಬಂತು. ಇಂಥ ದಿನ ಜಿಲ್ಲಾ ಕೇಂದ್ರಕ್ಕೆ ಬನ್ನಿ ಅಂತ. ಅಷ್ಟೊತ್ತಿಗೆ ದಿದಿಮಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ಬಹಳ ಹೊತ್ತು ಕೂರಬಾರದು, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟ್ರು ಹೇಳಿದ್ರು. ಕ್ಯಾಂಪಿಂದ ರಾಯಚೂರಿಗೆ ಬಸ್ಸಲ್ಲಿ ಎರಡು ತಾಸಿನ ಮೇಲೆ.

ಆದ್ರೆ ಸೊಂಟಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ದಿದಿಮಾಗೆ ಹೋಗೋಕೆ ಇಷ್ಟನೇ ಇರಲಿಲ್ಲ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ತಮ್ಮ ಕನ್ನಡದಲ್ಲಿ ಹೇಳಿದ್ರು: 'ಆಫೀಸಿಗೆ ಬಾ ಅಂದ್ರು ಅಂದ್ರೆ ಊರು ಬಿಡಬೇಕು ಅಂತ. ಮೂರು ಸಲ ಬಾ ಅಂದ್ರು, ಮೂರು ಸಲನೂ ಲಾರಿ ಹತ್ತಿಸಿದ್ರು.'

ಚಿಕ್ಕ ವಯಸ್ಸಲ್ಲಿ ಒಂದು ಕ್ಯಾಂಪಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಇಲ್ಲಿಗೆ. ಪ್ರತಿ ಸಲ ಮೊದಲು ಹೆಸರು ಕೂಗ್ತಿದ್ರಂತೆ. ನಾವು ಅಟೆಂಡೆನ್ಸ್‌ಗೆ ಹೆಸರು ಕೂಗಿದ್ರೆ ಎಸ್ ಸರ್ ಅಂತೀವಿ. ಅವರಿಗೆ ಹೆಸರು ಕೂಗಿದ್ರೆ ಗಂಟು ಕಟ್ಟೋದು.

ಗೆಳತಿ ಆ ರಾತ್ರಿನೇ ಪತ್ರ ಬರೆದಳು. ಎರಡೇ ಸಾಲು: 'ನಮ್ಮ ಅಜ್ಜಿಗೆ ಆರೋಗ್ಯ ಸರಿ ಇಲ್ಲದ ಕಾರಣ ತಾವು ಹೇಳಿದ ದಿನಾಂಕದಂದು ಬರಲು ಸಾಧ್ಯವಿಲ್ಲ. ದಯವಿಟ್ಟು ಕ್ಷಮಿಸಿ.' ನಾನೂ ಓದಿ ಸೂಪರ್ ಅಂದೆ.

ಬೆಳಿಗ್ಗೆ ಪೋಸ್ಟ್ ಮಾಡೋಕೆ ಹೊರಟವಳು ಸುಮ್ನೆ ಫೋನಲ್ಲಿ ನಿಯಮ ಇನ್ನೊಂದ್ಸಲ ಓದಿದೆ. ಸಾಕಷ್ಟು ಅವಕಾಶ ಕೊಟ್ಟ ಮೇಲೂ ಅರ್ಜಿದಾರರು ಖುದ್ದಾಗಿ ಬಂದು ಸಹಿ ಮಾಡಿ ಪ್ರಮಾಣ ತಗೊಳ್ಳದಿದ್ರೆ, ಅರ್ಜಿ ತಿರಸ್ಕರಿಸೋ ವಿಚಾರಕ್ಕೆ ಫೈಲು ಮೇಲಿನ ಸಮಿತಿಗೆ ಹೋಗುತ್ತೆ.

ಬರಲ್ಲ ಅಂತ ನಾವೇ ಬರೆದು, ಸ್ಟ್ಯಾಂಪ್ ಹಚ್ಚಿ ಕಳಿಸೋರಿದ್ವಿ. ಕವರ್ ಬ್ಯಾಗಿನೊಳಗೆ ಹಾಕ್ಕೊಂಡು ವಾಪಸ್ ಬಂದೆ.

ಭಾಗ 5/7

ಆ ಶನಿವಾರ ಕುರುಗೋಡಿಗೆ ಹೋದೆ, ನಮ್ಮಜ್ಜಿ ಮನೆಗೆ. ದೊಡ್ಡಬಸವೇಶ್ವರ ಗುಡಿಗೆ ಹೋಗಿ ಬಂದು, ಕಟ್ಟೆ ಮೇಲೆ ಕೂತು ಎಲ್ಲ ಕಥೆ ಹೇಳಿದೆ. ನಮ್ಮಜ್ಜಿಗೂ ಹೆಚ್ಚುಕಡಿಮೆ ದಿದಿಮಾ ವಯಸ್ಸೇ.

ಅಜ್ಜಿ ನಕ್ಕರು. 'ನಮ್ಮನ್ನ ಯಾರೂ ಕರೀಲೇ ಇಲ್ಲವ್ವ. ಮಲಗಿದಾಗ ಮದ್ರಾಸು, ಎದ್ದಾಗ ಮೈಸೂರು.'

ಅದು ನಿಜ. ಬಳ್ಳಾರಿ ಜಿಲ್ಲೆ ಮೊದಲು ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು. ನಮ್ಮ ಸಿರುಗುಪ್ಪ, ಹೊಸಪೇಟೆ, ಸಂಡೂರು ಎಲ್ಲ ಮೈಸೂರಿಗೆ ಬಂದ್ವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವನ್ನೇ ಕೂರಿಸಬೇಕಾಯ್ತು. ಬಳ್ಳಾರಿ ನಮಗೆ ಸೇರೋ ಸಂಭ್ರಮದ ಚಪ್ಪರ ಕಾಯ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ಬಲ್ಬ್ ದಾಳಿಯಲ್ಲಿ ಪ್ರಾಣ ಬಿಟ್ರು. ಇಷ್ಟೆಲ್ಲ ಆಗೋವಾಗ ಆರು ವರ್ಷದ ನಮ್ಮಜ್ಜಿ ಈ ಕಟ್ಟೆ ಮೇಲೆ ಆಡ್ತಿದ್ರು. ಸಹಿ ಇಲ್ಲ, ಪ್ರಮಾಣ ಇಲ್ಲ. ರಾಜ್ಯನೇ ಮನೆ ಬಾಗಿಲಿಗೆ ಬಂತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು: 'ಆಕಿಗೆ ಅಲ್ಲಿ ಕುಂದ್ರೋಕೆ ಕುರ್ಚಿ ಹಾಕ್ತಾರೇನು? ಮೆಟ್ಲು ಎಷ್ಟದಾವು? ಬರಲ್ಲ ಅಂತ ಯಾಕ ಬರೀತೀರಿ? ಬರ್ತಾಳ, ಎಲ್ಲಿಗೆ ಬರ್ಲಿ ಅಂತ ಕೇಳ್ರಿ.'

ಬಿಸಿನೆಸ್ ಲೆಟರ್ ಪಾಠ ನನಗೆ ಅರ್ಥ ಆಗಿದ್ದು ಆ ಕಟ್ಟೆ ಮೇಲೆ.

ಭಾಗ 6/7

ಭಾನುವಾರ ರಾತ್ರಿ ಹಾಸ್ಟೆಲಲ್ಲಿ ಕೂತು ಹೊಸದಾಗಿ ಬರೆದ್ವಿ. ಪ್ರಮಾಣದ ಜಾಗ ಬದಲಾಯಿಸೋದು ಹೇಗೆ ಅಂತ ಹುಡುಕಿದ್ರೆ ಬರೋದೆಲ್ಲ ಹೊರದೇಶದ್ದು. ಬ್ರಿಟನ್‌ನಲ್ಲಿ 2004ರಿಂದ ಇದು ದೊಡ್ಡ ಸಮಾರಂಭ. ಕಾಗದ ಬಂದ ಮೂರು ತಿಂಗಳೊಳಗೆ ಹೋಗಬೇಕು, ಬೇರೆ ಊರಲ್ಲಿ ಬೇಕಿದ್ರೆ ಕೇಳಬಹುದು. ಅಮೆರಿಕದಲ್ಲಿ ಆ ದಿನ ಆಗಲ್ಲ ಅಂದ್ರೆ ನೋಟಿಸ್ ಜೊತೆ ಕಾರಣ ಬರೆದು ವಾಪಸ್ ಕಳಿಸ್ತಾರೆ. ಹಾಸಿಗೆ ಹಿಡಿದವರಿದ್ರೆ ಅಧಿಕಾರಿಗಳೇ ಮನೆಗೆ ಹೋಗಿ ಪ್ರಮಾಣ ಮಾಡಿಸೋ ವ್ಯವಸ್ಥೆನೂ ಇದೆ. ಕೇಳೋದು ತಪ್ಪಲ್ಲ ಅಂತ ಧೈರ್ಯ ಬಂತು.

ನಾವು ಬರೆದಿದ್ದು ಹೀಗೆ. ವಿಷಯದ ಸಾಲಲ್ಲೇ ಅರ್ಜಿ ಸಂಖ್ಯೆ. ಮೊದಲ ವಾಕ್ಯ: 'ಅರ್ಜಿದಾರರು ಖುದ್ದಾಗಿ ಹಾಜರಾಗಿ ಪ್ರಮಾಣವಚನ ಸ್ವೀಕರಿಸಲು ಸಿದ್ಧರಿದ್ದಾರೆ.' ಎರಡನೇದು ಸೊಂಟದ ಆಪರೇಷನ್, ಡಾಕ್ಟ್ರ ಸರ್ಟಿಫಿಕೇಟ್ ಲಗತ್ತಿಸಿದೆ. ಮೂರನೇದು ಕೋರಿಕೆ: ಸಾಧ್ಯವಿದ್ದರೆ ಸಿಂಧನೂರಿನಲ್ಲೇ ಅವಕಾಶ ಕೊಡಿ. ನಾಲ್ಕನೇದು ನಮ್ಮಜ್ಜಿದು: ಅದು ಆಗದಿದ್ದರೆ ನೆಲಮಹಡಿಯಲ್ಲಿ, ಕುರ್ಚಿ ಕೊಟ್ಟು, ಕಾಯಿಸದಂತೆ ಒಂದು ಸಮಯ ಕೊಡಿ. ಕೆಳಗೆ ದಿದಿಮಾ ಸಹಿ, ಪಕ್ಕದಲ್ಲಿ ಗೆಳತಿಯ ಫೋನ್ ನಂಬರ್.

ಲಾರಿ ಭಯದ ಬಗ್ಗೆನೂ ಬರೀಬೇಕು ಅಂತ ಗೆಳತಿ ಹಠ ಮಾಡಿದ್ಲು. ನಾನು ಬೇಡ ಅಂದೆ. ಅಧಿಕಾರಿಗೆ ಬೇಕಿರೋದು ಎಕ್ಸ್‌ರೇ, ಭಯಕ್ಕೆ ಯಾವ ಡಾಕ್ಟ್ರು ಸರ್ಟಿಫಿಕೇಟ್ ಕೊಡ್ತಾರೆ? ಅವಳು ಅತ್ತಳು. ಆಮೇಲೆ ಆ ಸಾಲು ಹೊಡೆದುಹಾಕಿದ್ವಿ. ಅದು ಸರಿನಾ ತಪ್ಪಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಪತ್ರದ ಒಂದು ಜೆರಾಕ್ಸ್ ಇಟ್ಕೊಂಡು ಸ್ಪೀಡ್ ಪೋಸ್ಟ್ ಮಾಡಿದ್ವಿ. ಅಂಚೆಯವರಿಗೇ ಅಂಚೆ.

ಭಾಗ 7/7

ಹತ್ತು ದಿನಕ್ಕೆ ಫೋನ್ ಬಂತು. ಸಿಂಧನೂರಲ್ಲಿ ಆಗಲ್ಲ. ಹೊಸ ದಿನಾಂಕ ಕೊಡ್ತೀವಿ, ಹನ್ನೊಂದಕ್ಕೆ ಬನ್ನಿ, ಮೇಲೆ ಹತ್ತಿಸೋದು ಬೇಡ, ಕೆಳಗೇ ಮಾಡಿಸ್ತೀವಿ.

ಕೇಳಿದ್ದು ಪೂರ್ತಿ ಸಿಗಲಿಲ್ಲ, ಅರ್ಧ ಸಿಕ್ತು. ದಿದಿಮಾನ ಒಪ್ಪಿಸಿದ್ದೂ ಆ ಅರ್ಧನೇ. 'ನನ್ನ ಸೊಂಟದ ವಿಷಯ ಅವರಿಗೆ ಗೊತ್ತಾ?' ಅಂತ ಎರಡು ಸಲ ಕೇಳಿದ್ರು. ಗೊತ್ತು ಅಂದ್ವಿ. ಹಿಂದೆ ಹೆಸರು ಕೂಗಿದವರಿಗೆ ಇವರ ಬಗ್ಗೆ ಏನೂ ಗೊತ್ತಿರಲಿಲ್ಲ.

ಗೆಳತಿಯ ಮಾವ ಕಾರು ಮಾಡಿದ್ರು. ನಾನು ಸಿರುಗುಪ್ಪದಿಂದ ಫಸ್ಟ್ ಬಸ್ಸು ಹಿಡಿದು ಹೋದೆ. ಅಲ್ಲಿ ಹೂವು, ಬಾವುಟ, ಭಾಷಣ ಏನೂ ಇರಲಿಲ್ಲ. ಒಂದು ಟೇಬಲ್, ಒಂದು ಕುರ್ಚಿ. ಕುರ್ಚಿ ಮೇಲೆ ಯಾರೋ ಒಂದು ದಿಂಬು ಇಟ್ಟಿದ್ರು. ಅಧಿಕಾರಿ ಬಿಡಿಸಿ ಬಿಡಿಸಿ ಓದಿದ್ರು, ದಿದಿಮಾ ಹಿಂದೆ ಹೇಳಿದ್ರು. ಸಂವಿಧಾನಕ್ಕೆ ನಿಷ್ಠೆ, ಕಾನೂನು ಪಾಲನೆ, ಪೌರರ ಕರ್ತವ್ಯ, ಅಷ್ಟೇ ಇರೋದು ಅದರಲ್ಲಿ. ಸಂವಿಧಾನ ಅನ್ನೋ ಪದ ಬಂಗಾಳಿಯಲ್ಲೂ ಅದೇ. ದಿದಿಮಾ ಅದನ್ನ ತಮ್ಮ ಉಚ್ಚಾರದಲ್ಲೇ ಹೇಳಿದ್ರು, ಯಾರೂ ತಿದ್ದಲಿಲ್ಲ.

ಐದು ನಿಮಿಷದೊಳಗೆ ಮುಗೀತು. ಎದ್ದು ನಿಂತು ದಿದಿಮಾ ಮೊಮ್ಮಗಳ ಕೈ ಹಿಡ್ಕೊಂಡು ಕೇಳಿದ್ರು, 'ಈಗ ಎಲ್ಲಿಗೆ ಕಳಿಸ್ತಾರೆ?'

'ಮನೆಗೆ ದಿದಿಮಾ. ನಮ್ಮನೆಗೇ.'

ಸರ್ಟಿಫಿಕೇಟ್ ಇನ್ನೂ ಬಂದಿಲ್ಲ, ಕಾಯ್ತಿದ್ದೀವಿ. ಬಂದ್ರೆ, ಕಾನೂನಿನ ಪ್ರಕಾರ ಭಾರತಕ್ಕೆ ಕಾಲಿಟ್ಟ ದಿನದಿಂದಲೇ ಅವರು ಪೌರರು ಅಂತ ಲೆಕ್ಕ. ಅಂದ್ರೆ ಆ ಮೂರು ಲಾರಿ ಹತ್ತುವಾಗಲೂ ಪೌರರೇ.

ನಿಮ್ಮ ಮನೇಲೂ ಯಾವುದಾದ್ರೂ ಆಫೀಸಿಗೆ ಹೋಗಲಾರದ ಹಿರಿಯರು ಇದ್ರೆ, ಪೆನ್ಷನ್ ಇರಲಿ, ಆಧಾರ್ ಇರಲಿ, ಬರಲ್ಲ ಅಂತ ಬರೀಬೇಡಿ. ಬರ್ತಾರೆ, ಎಲ್ಲಿಗೆ ಬರಲಿ ಅಂತ ಬರೀರಿ. ಜೊತೆಗೆ ಕುರ್ಚಿ ಕೇಳಿ. ಪತ್ರದ ನಮೂನೆ ಬೇಕಿದ್ರೆ ಮೆಸೇಜ್ ಮಾಡಿ, ಹೆಸರು ತೆಗೆದು ಕಳಿಸ್ತೀನಿ.

ಕೊನೆಯ ಫೋಟೋ ಕುರುಗೋಡಿನ ಆ ಕಟ್ಟೆದು. ಕೂತಿರೋದು ನಮ್ಮಜ್ಜಿ. ಇವರ ಮುಖ ಹಾಕೋಕೆ ಪರ್ಮಿಷನ್ ಸಿಕ್ಕಿದೆ.